ಬಾಗಿಲು ಮುಚ್ಚಿ ಪಾಠ ಹೇಳುವ ಎವ್ದೋಕಿಯಾ

ನಮ್ಮ ವಿದಿನ್ ಊರಿನಲ್ಲಿ ಇಂಗ್ಲಿಷಿನಲ್ಲಿ ಫೇಲಾದ ಮಕ್ಕಳಿಗೆ ಬೇಸಿಗೆ ರಜೆ ಎಂಬುದಿಲ್ಲ. ಜೂನ್ ಕೊನೆಗೆ ಆರಕ್ಕೆ ‘ಎರಡು’ ಅಂಕ ಬಿತ್ತೆಂದರೆ ಸೆಪ್ಟೆಂಬರ್ ಮೊದಲ ವಾರದಲ್ಲಿ ಮತ್ತೆ ಪರೀಕ್ಷೆ. ಅಲ್ಲಿಯೂ ಎರಡೇ ಬಿದ್ದರೆ ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ. ಮೂರು ಬಂದರೆ ಪಾಸು, ಆರು ಬಂದರೆ ಮನೆಯವರು ಬೀದಿಯವರನ್ನೆಲ್ಲ ಕರೆದು ಹೇಳುತ್ತಾರೆ. ಉಳಿದ ಮಕ್ಕಳು ಹೊಳೆಯಲ್ಲಿ ಈಜುತ್ತಿರುವಾಗ ಈ ಎರಡು ಬಿದ್ದವರು ಪುಸ್ತಕ ಹಿಡಿದು, ಸೊಳ್ಳೆ ಹೊಡೆದುಕೊಳ್ಳುತ್ತ, ಪಾಪ್ಲರ್ ಮರಗಳ ಬೀದಿಯ ಕೊನೆಯ ಮನೆಗೆ ನಡೆಯುತ್ತಾರೆ. ಅದು ಎವ್ದೋಕಿಯಾ ತ್ಸೆಕೋವಾ ಟೀಚರ ಮನೆ. ನಿವೃತ್ತರಾಗುವುದಕ್ಕೆ ಎಷ್ಟೋ ಮೊದಲಿನಿಂದ ಪ್ರತಿ ಬೇಸಿಗೆಯೂ ಅವರು ಈ ಮಕ್ಕಳಿಗೆ ಪಾಠ ಹೇಳುತ್ತ ಬಂದಿದ್ದಾರೆ. ಫೀಸಿನ ಮಾತೆತ್ತಿದವರನ್ನು ಗೇಟಿನಿಂದಲೇ ವಾಪಸು ಕಳಿಸುತ್ತಾರೆ.

ನಾನು ಛಾವಣಿ ಕೆಲಸದವನು. ಆ ಬೀದಿಯ ಎಲ್ಲ ಮನೆಗಳಿಗೂ ಹೆಂಚು ಹೊದಿಸಿದ್ದೇನೆ, ಅವರದೊಂದನ್ನು ಬಿಟ್ಟು. ಇಪ್ಪತ್ತಾರು ವರ್ಷ ಅವರ ಗೇಟಿಗೆ ಕೈ ಹಾಕಿರಲಿಲ್ಲ. ಅವರು ನನ್ನ ತಮ್ಮ ಯಾವೋರ್‌ನನ್ನು ಇಂಗ್ಲಿಷಿನಲ್ಲಿ ಫೇಲು ಮಾಡಿದವರು. ಅವನು ಆಮೇಲೆ ಮನೆ ಬಿಟ್ಟು ಹೋದ, ತಿರುಗಿ ಬರಲಿಲ್ಲ.

ಎವ್ದೋಕಿಯಾ ಮೊದಲಿನಿಂದ ಇಂಗ್ಲಿಷ್ ಟೀಚರ್ ಆಗಿರಲಿಲ್ಲ. ಹದಿನೆಂಟು ವರ್ಷ ರಷ್ಯನ್ ಕಲಿಸಿದವರು. ನನಗೂ ಎಂಟನೇ ಕ್ಲಾಸಿನವರೆಗೆ ರಷ್ಯನ್ ಕಲಿಸಿದ್ದು ಅವರೇ. ನಾನು ಓದಿದ್ದೂ ಅಷ್ಟೇ. ಆಗ ನಾವು ಅವರನ್ನು ‘ಕಾಮ್ರೇಡ್ ಟೀಚರ್’ ಎನ್ನಬೇಕಿತ್ತು. ಬೆನ್ನಿಗೆ ಕೋಲು ಕಟ್ಟಿಕೊಂಡಂತೆ ನೆಟ್ಟಗೆ ನಡೆಯುವ ಹೆಂಗಸು, ತಪ್ಪು ಮಾಡಿದವನನ್ನು ಹೊಡೆಯದೆ ಬರೀ ನೋಡಿಯೇ ಕುಗ್ಗಿಸುತ್ತಿದ್ದರು. ಹಳೆಯ ಸರ್ಕಾರ ಬಿದ್ದ ಮೇಲೆ ರಷ್ಯನ್ ಯಾರಿಗೂ ಬೇಡವಾಯಿತು. ರಷ್ಯನ್ ಟೀಚರುಗಳನ್ನೆಲ್ಲ ಕೂರಿಸಿ ಒಂದು ಚಳಿಗಾಲ ತರಬೇತಿ ಕೊಟ್ಟು, ಕೈಗೊಂದು ಪುಸ್ತಕ ಕೊಟ್ಟು, ನಾಳೆಯಿಂದ ನೀವು ಇಂಗ್ಲಿಷ್ ಕಲಿಸಿ ಅಂದರು. ಪಾಪ, ಮಕ್ಕಳಿಗಿಂತ ಒಂದೇ ಒಂದು ಪಾಠ ಮುಂದೆ ಓದಿಕೊಂಡು ಬಂದು ಕಲಿಸುತ್ತಿದ್ದರು. ಈ ‘ಪಾಪ’ ಎಂಬ ಮಾತು ಈಗ ಬರುತ್ತಿದೆ. ಆಗ ಬರುತ್ತಿರಲಿಲ್ಲ.

ಅದೇ ವರ್ಷಗಳಲ್ಲಿ ಪಕ್ಕದ ದೇಶದಲ್ಲಿ ಯುದ್ಧ. ಆ ದಾರಿ ಮುಚ್ಚಿದ್ದರಿಂದ ಪಶ್ಚಿಮಕ್ಕೆ ಹೋಗುವ ಲಾರಿಗಳೆಲ್ಲ ನಮ್ಮ ಊರಿಗೆ ಬಂದು, ಹೊಳೆ ದಾಟಿಸುವ ಫೆರಿಗೆ ಸಾಲು ನಿಲ್ಲುತ್ತಿದ್ದವು. ಮೂರು ದಿನದ ಸಾಲು, ಕೆಲವೊಮ್ಮೆ ಐದು ದಿನದ್ದು. ತುರ್ಕಿಯವರು, ಡಚ್ಚರು, ಇಂಗ್ಲಿಷರು, ಐರಿಷರು, ಎಲ್ಲರೂ ಬನಿಯನ್ನಿನಲ್ಲಿ ಲಾರಿ ಕೆಳಗೆ ಮಲಗಿರುತ್ತಿದ್ದರು. ಯಾವೋರ್ ನನಗಿಂತ ಎರಡು ವರ್ಷ ಚಿಕ್ಕವನು. ಶಾಲೆಗೆ ಚಕ್ಕರ್ ಹೊಡೆದು, ಫ್ಲಾಸ್ಕಿನಲ್ಲಿ ಕಾಫಿ, ಬಕೆಟ್ಟಿನಲ್ಲಿ ನೀರು ಹಿಡಿದು ಇಡೀ ದಿನ ಆ ಸಾಲಿನಲ್ಲಿ ಅಲೆಯುತ್ತಿದ್ದ. ಎಲ್ಲರೊಡನೆ ಹರಟೆ. ಅವನ ಬಾಯಿಗೆ ಬೀಗ ಅನ್ನುವುದೇ ಇರಲಿಲ್ಲ. ಹಾಜರಿ ಇಲ್ಲದೆ, ಹೋಮ್‌ವರ್ಕ್ ಇಲ್ಲದೆ, ಹತ್ತನೇ ಕ್ಲಾಸಿನ ಕೊನೆಗೆ ಇಂಗ್ಲಿಷಿನಲ್ಲಿ ಎರಡು ಬಿತ್ತು.

ಸೆಪ್ಟೆಂಬರಿನ ಪರೀಕ್ಷೆ ಮುಗಿಸಿ ಅವನು ಮನೆಗೆ ನಗುತ್ತ ಬಂದ. ಹತ್ತು ನಿಮಿಷ ನಿಲ್ಲಿಸದೆ ಮಾತಾಡಿದೆ ಅಣ್ಣಾ, ಟೀಚರ ಬಾಯಿ ಮುಚ್ಚಿಹೋಯಿತು ಅಂದ. ಸಂಜೆ ಶಾಲೆಯ ಬಾಗಿಲಿಗೆ ಪಟ್ಟಿ ಅಂಟಿಸಿದರು. ಅವನ ಹೆಸರಿನ ಮುಂದೆ ಎರಡು. ಅಪ್ಪ ಒಳಗೆ ಹೋಗಿ ಕೇಳಿದ್ದಕ್ಕೆ ಪರೀಕ್ಷೆಯ ಹಾಳೆ ತೆಗೆದು ತೋರಿಸಿದರು. ಅದರಲ್ಲಿ ಮಸಿಯಲ್ಲಿ ಬರೆದಿತ್ತು: ‘ಉತ್ತರಿಸಲಿಲ್ಲ’.

ಅಪ್ಪ ಅವನಿಗೆ ಬಾರಿಸಿದರು. ಅವನು ತಡೆಯಲಿಲ್ಲ, ನನ್ನನ್ನು ನೋಡಿದ. ನನ್ನ ಹೆಸರು ಕಮೆನ್, ಆದರೆ ಊರವರು ಇಟ್ಟದ್ದು ‘ಬಾರೂದು’, ಸಿಡಿಮದ್ದು. ಸುಮ್ಮನೆ ಇಟ್ಟಿದ್ದಲ್ಲ. ಕಂಬದ ಹಾಗೆ ನಿಂತು ಬಂದು ನಮ್ಮ ಮುಂದೆ ಕಥೆ ಕಟ್ಟುತ್ತೀಯಾ ಎಂದೆ. ಸುಳ್ಳುಬುರುಕ ಎಂದೆ. ಅವನ ಚೀಲವನ್ನು ಅಂಗಳಕ್ಕೆ ಎಸೆದೆ. ಬೆಳಗಾಗುವಾಗ ಚೀಲವೂ ಇರಲಿಲ್ಲ, ಅವನೂ ಇರಲಿಲ್ಲ. ಲಾರಿಯೊಂದರ ಮುಂಭಾಗದಲ್ಲಿ ಕೂತು ಫೆರಿ ಹತ್ತಿದ್ದನ್ನು ಕಂಡವರಿದ್ದರು. ಆ ಚಳಿಗಾಲದಲ್ಲಿ ಯಾವುದೋ ಬಂದರಿನ ಚಿತ್ರವಿದ್ದ ಕಾರ್ಡೊಂದು ಬಂತು. ‘ಚೆನ್ನಾಗಿದ್ದೇನೆ’ ಎಂದಿತ್ತು, ವಿಳಾಸ ಇರಲಿಲ್ಲ. ಅದೇ ಕೊನೆ.

ಚರ್ಚಿನಲ್ಲಿ ಬದುಕಿರುವವರಿಗೆ ಹಚ್ಚುವ ಮೇಣದ ಬತ್ತಿ ಮೇಲಿನ ತಟ್ಟೆಯಲ್ಲಿ, ಸತ್ತವರದು ಕೆಳಗೆ ಮರಳಿನಲ್ಲಿ. ಅಮ್ಮ ಯಾವೋರ್‌ನ ಬತ್ತಿ ಹಚ್ಚಿ ಕೈಯಲ್ಲೇ ಹಿಡಿದು ನಿಲ್ಲುತ್ತಿದ್ದಳು. ಮೇಣ ಕರಗಿ ಬೆರಳಿಗೆ ಇಳಿಯುವವರೆಗೂ ನಿಲ್ಲುತ್ತಿದ್ದಳು. ಹದಿನಾಲ್ಕು ವರ್ಷ ಹಾಗೆ ಮಾಡಿ ಅವಳೂ ಹೋದಳು. ಆಮೇಲೆ ಮನೆಯಲ್ಲಿ ಅವನ ಹೆಸರು ಹೇಳುವುದೇ ನಿಂತಿತು. ಆದರೆ ಹೆಸರು ಹೇಳದಿದ್ದರೆ ಮನುಷ್ಯ ಮನೆ ಬಿಟ್ಟು ಹೋಗುತ್ತಾನೆಂದೇನಿಲ್ಲ. ಗೇಟು ಕಿರ್ ಎಂದರೆ ನಾನು ಈಗಲೂ ಊಟ ಬಿಟ್ಟು ಎದ್ದು ನೋಡುತ್ತೇನೆ. ಹೆಂಚಿನ ಮೇಲೆ ಕೆಲಸ ಮಾಡುವಾಗ ಕೆಳಗೆ ಯಾರೋ ನಿಂತು ಮೇಲೆ ನೋಡುತ್ತಿದ್ದಾರೆ ಅನಿಸುತ್ತದೆ. ನೋಡಿದರೆ ಏಣಿಯ ಬುಡದಲ್ಲಿ ಯಾರೂ ಇರುವುದಿಲ್ಲ.

ಎರಡು ಸಾವಿರದ ಹತ್ತೊಂಬತ್ತರ ಜೂನಿನಲ್ಲಿ ನನ್ನ ಮಗಳು ರಲಿತ್ಸಾ ಒಂಬತ್ತನೇ ಕ್ಲಾಸಿನ ಅಂಕಪಟ್ಟಿ ತಂದು ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಒಳಗೆ ಹೋದಳು. ಇಂಗ್ಲಿಷ್, ಎರಡು.

ಅವಳಿಗೆ ಬರೆಯುವುದು ಬರುತ್ತಿತ್ತು. ಬಾಯಿ ಬಿಡುವುದು ಬರುತ್ತಿರಲಿಲ್ಲ. ಅವಳಮ್ಮ ಸ್ನೆಝಾ ಎರಡು ವರ್ಷದಿಂದ ಇಟಲಿಯಲ್ಲಿ ಯಾವುದೋ ಮುದುಕಿಯನ್ನು ನೋಡಿಕೊಂಡಿದ್ದಾಳೆ. ಅವಳು ಹೋದ ಮೇಲೆ ಹುಡುಗಿಯ ಮಾತು ಕಡಿಮೆಯಾಗುತ್ತ ಆಗುತ್ತ, ನನ್ನೊಡನೆ ‘ಹೂಂ’, ‘ಊಹೂಂ’ ಎರಡಕ್ಕೆ ಬಂದು ನಿಂತಿತ್ತು. ಅರ್ಧ ಪರೀಕ್ಷೆ ಮಾತಿನದು. ಶಾಲೆಗೆ ಹೋದೆ. ಕ್ಲಾಸ್ ಟೀಚರ್, ಚಿಕ್ಕ ವಯಸ್ಸಿನವಳು, ಬೇಸರದಿಂದ ಹೇಳಿದಳು:

“ನಾನೇನ್ ಮಾಡ್ಲಿ ಹೇಳಿ. ಪ್ರಶ್ನೆ ಕೇಳಿದ್ರೆ ಎದ್ದು ನಿಲ್ತಾಳೆ, ನನ್ನ ಮುಖ ನೋಡ್ತಾಳೆ, ಅಷ್ಟೇ. ಉತ್ತರ ಕೊಡಲ್ಲ.”

ಆ ಕೊನೆಯ ಮಾತೇ ಯಾವೋರ್‌ನ ಹಾಳೆಯಲ್ಲೂ ಇತ್ತು. ನಾನು ಕೂಗಾಡಬೇಕೆಂದೇ ಹೋದವನು, ಸುಮ್ಮನೆ ಮೆಟ್ಟಿಲಿಳಿದು ಬಂದೆ. ಇವಳೂ ಸೆಪ್ಟೆಂಬರಿನಲ್ಲಿ ಫೇಲಾದರೆ, ವರ್ಷ ಹೋದರೆ, ಇವಳೂ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಇರುವುದಿಲ್ಲ. ಇದು ಲೆಕ್ಕ ಹಾಕಿ ತಿಳಿದದ್ದಲ್ಲ. ಗೊತ್ತಿತ್ತು, ಅಷ್ಟೇ.

ಟ್ಯೂಷನ್ ಹೇಳುವವರನ್ನು ಹುಡುಕಿದೆ. ಒಬ್ಬಾಕೆ ಸೀಸನ್ ಎಂದು ಕಪ್ಪು ಸಮುದ್ರದ ಹೋಟೆಲಿಗೆ ಕೆಲಸಕ್ಕೆ ಹೋಗಿದ್ದಳು. ಇನ್ನೊಬ್ಬ ಮಗನ ಮನೆಗೆ ಇಂಗ್ಲೆಂಡಿಗೆ ಹೋಗಿದ್ದ. ಪಕ್ಕದ ಮನೆಯ ಗೇನಾ ಅಜ್ಜಿ ಬೇಲಿಯ ಮೇಲೆ ಮೊಣಕೈ ಊರಿ ಎಲ್ಲ ನೋಡುತ್ತಿದ್ದವಳು ಕೊನೆಗೆ ಬಾಯಿ ಬಿಟ್ಟಳು.

“ಲೋ ಬಾರೂದು, ಊರೆಲ್ಲ ಸುತ್ತಿ ಕಾಲು ಸವೆಸ್ಕೋತೀಯ. ಎವ್ದೋಕಿಯಾ ಹತ್ರ ಕಳ್ಸು.”

“ಅವಳ ಹೊಸಲು ನಾನು ತುಳಿಯಲ್ಲ ಅಜ್ಜಿ.”

“ನಿನ್ನನ್ನ ಯಾರ್ ತುಳಿ ಅಂದ್ರು? ಹುಡುಗಿ ತುಳೀಲಿ. ನಿನ್ ಹಗೆ ನೀನಿಟ್ಕೊ, ಉಪ್ಪು ಹಾಕಿ ಜಾಡೀಲಿ. ಅವಳ ತಲೆಗ್ಯಾಕೆ ಕಟ್ತೀಯ?”

ಜುಲೈ ಮೊದಲ ಸೋಮವಾರ ಮಗಳನ್ನು ಕರೆದುಕೊಂಡು ಆ ಗೇಟಿನ ಮುಂದೆ ನಿಂತೆ. ಎವ್ದೋಕಿಯಾಗೆ ಆಗ ಅರವತ್ತೊಂಬತ್ತು. ಬೆನ್ನು ಇನ್ನೂ ನೆಟ್ಟಗಿತ್ತು, ಉಳಿದದ್ದೆಲ್ಲ ಸಣ್ಣದಾಗಿತ್ತು. ನನ್ನನ್ನು ಗುರುತು ಹಿಡಿದರು, ಆದರೆ ನನ್ನನ್ನು ನೋಡಲಿಲ್ಲ. ರಲಿತ್ಸಾಳ ಮುಖವನ್ನೇ ನೋಡುತ್ತ ನಿಂತರು. ಹುಡುಗಿಯದು ಚಿಕ್ಕಪ್ಪನದೇ ಹಣೆ, ಅವನದೇ ಬಾಯಿ. ನಾನು ಬಂದ ಕಾರಣ ಹೇಳಿ, ಬಾಯ್ತಪ್ಪಿ ‘ಕಾಮ್ರೇಡ್ ಟೀಚರ್’ ಎಂದೂ ಅಂದುಬಿಟ್ಟೆ. ನಾಳೆ ಎಂಟಕ್ಕೆ ಕಳಿಸು, ನೀನು ಬರಬೇಡ, ಅಂದರು.

ಒಂದು ವಾರಕ್ಕೆ ರಲಿತ್ಸಾ ಸ್ವಲ್ಪ ಸ್ವಲ್ಪ ಮಾತಾಡತೊಡಗಿದಳು. ಊಟದ ಹೊತ್ತಿಗೆ ಉಪ್ಪು ಕೊಡಪ್ಪ ಅಂದಳು, ನಾನು ಬೆಚ್ಚಿದೆ. ಅಲ್ಲಿ ಏನು ಹೇಳಿಕೊಡುತ್ತಾರೆ ಎಂದು ಕೇಳಿದರೆ, ಅವರೇನೂ ಹೇಳಿಕೊಡುವುದಿಲ್ಲ, ನಾನೇ ಅವರ ಪರೀಕ್ಷೆ ಮಾಡುತ್ತೇನೆ ಅಂದಳು. ತಮಾಷೆಯೆಂದುಕೊಂಡೆ. ಆಗಸ್ಟಿನಲ್ಲಿ ಎವ್ದೋಕಿಯಾ ಅವರ ಪಕ್ಕದ ಮನೆಗೆ ಹೆಂಚು ಬದಲಿಸುವ ಕೆಲಸ ಬಂತು. ಆ ಮಾಡಿನ ಮೇಲಿಂದ ಅವರ ಅಡುಗೆಮನೆಯ ತೆರೆದ ಕಿಟಕಿಯೂ, ಹಿಂದಿನ ಪಡಸಾಲೆಯೂ ಕಾಣುತ್ತಿದ್ದವು. ಎರಡರ ನಡುವೆ ಒಂದು ಬಾಗಿಲು. ಬಾಗಿಲು ಮುಚ್ಚಿತ್ತು.

ರಲಿತ್ಸಾ ಪಡಸಾಲೆಯಲ್ಲಿ ಆ ಬಾಗಿಲಿಗೆ ಮುಖ ಮಾಡಿ ನಿಂತು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ನನ್ನ ಮಗಳು, ಗಟ್ಟಿಯಾಗಿ, ಕೈ ಆಡಿಸುತ್ತ. ಈಚೆ ಅಡುಗೆಮನೆಯಲ್ಲಿ ಎವ್ದೋಕಿಯಾ ಮೇಜಿಗೆ ಕೂತು, ಕಣ್ಣು ಮುಚ್ಚಿ, ಬಾಗಿಲ ಕಡೆ ಕಿವಿ ಕೊಟ್ಟು ಕೇಳುತ್ತಿದ್ದರು. ಅವಳು ಹೇಳಿ ಮುಗಿಸಿದ ಮೇಲೆ ತಾವು ಅರ್ಥಮಾಡಿಕೊಂಡದ್ದನ್ನು ಹಾಳೆಯಲ್ಲಿ ಬರೆದರು. ಆಮೇಲೆ ಬಾಗಿಲು ತೆರೆದು ಹಾಳೆಯನ್ನು ಹುಡುಗಿಯ ಕೈಗೆ ಕೊಟ್ಟರು. ಹುಡುಗಿ ಕೆಂಪು ಪೆನ್ಸಿಲ್ ಹಿಡಿದು ಓದಿ, ಅಲ್ಲಲ್ಲಿ ಗೆರೆ ಎಳೆದು, ಕೆಳಗೆ ಅಂಕ ಹಾಕಿದಳು. ಮುದುಕಿ ಎರಡೂ ಕೈ ಮುಂದೆ ಕಟ್ಟಿ, ಶಿಕ್ಷೆಗೆ ನಿಂತ ಮಗುವಿನಂತೆ ನಿಂತಿದ್ದರು. ಮುಖ ಕಾಣದಿದ್ದರೆ ಮಾತು ಬರುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾರು ಹೇಳಿಕೊಡಬಲ್ಲರು? ಆದರೆ ಆ ಮುದುಕಿಯ ನಿಲುವು ನೋಡಿ ನಾನು ಕೈಯಲ್ಲಿದ್ದ ಹೆಂಚನ್ನು ಕೆಳಗಿಟ್ಟೆ. ಇದು ಹುಡುಗಿಗೋಸ್ಕರ ಹುಟ್ಟಿದ ಪದ್ಧತಿಯಲ್ಲ ಎಂದು ತಿಳಿಯುತ್ತಿತ್ತು.

ಮತ್ತೆ ಬಾಗಿಲು ಮುಚ್ಚಿತು. ಹುಡುಗಿ ಎರಡನೇ ಸಲ ಶುರುಮಾಡಿದಳು, ದನಿ ಸ್ವಲ್ಪ ತಗ್ಗಿತ್ತು. ಒಳಗಿನಿಂದ ಕಣ್ಣು ಮುಚ್ಚಿಕೊಂಡೇ ಎವ್ದೋಕಿಯಾ ಹೇಳಿದರು:

“ಯಾವೋರ್, ದೊಡ್ಡದಾಗಿ.”

ನಾನು ಚಿಮಣಿಯನ್ನು ತಬ್ಬಿ ಹಿಡಿದೆ. ಒಂದು ಹೆಂಚು ಜಾರಿ ಕೆಳಗೆ ಬಿದ್ದು ಚೂರಾಯಿತು. ಪಡಸಾಲೆಯಲ್ಲಿ ನನ್ನ ಮಗಳು, ಅದು ತನ್ನದೇ ಹೆಸರು ಎನ್ನುವಂತೆ, ದನಿ ಏರಿಸಿ ಮುಂದುವರಿಸಿದಳು.

ಏಣಿ ಇಳಿದದ್ದು, ಬೇಲಿ ಹಾರಿದ್ದು ನೆನಪಿಲ್ಲ. ಅವರ ಅಡುಗೆಮನೆಗೆ ನುಗ್ಗಿದಾಗ ಅವರು ಮೇಜಿನಿಂದ ಎದ್ದು, ಸುಟ್ಟ ದೊಣ್ಣೆಮೆಣಸಿನ ತಟ್ಟೆಯ ಮುಂದೆ ನಿಂತು ಸಿಪ್ಪೆ ಬಿಡಿಸುತ್ತಿದ್ದರು. ಆಗಸ್ಟ್ ಬಂತೆಂದರೆ ನಮ್ಮಲ್ಲಿ ಎಲ್ಲ ಮನೆಗಳಿಂದಲೂ ಮೆಣಸು ಸುಡುವ ವಾಸನೆ. ನನ್ನನ್ನು ನೋಡಿ ಅವರು ಗಾಬರಿಯಾಗಲಿಲ್ಲ. ಕಾಯುತ್ತಿದ್ದವರಂತೆ ಕೈ ಒರೆಸಿಕೊಂಡರು.

“ಅವನ ಹೆಸರು ನಿಮ್ ಬಾಯಲ್ಲಿ ಯಾಕ್ ಬಂತು?” ಎಂದೆ.

“ದಿನಾ ಬರುತ್ತೆ ಕಮೆನ್. ಇವತ್ತು ನಿನ್ನ ಕಿವಿಗೆ ಬಿತ್ತು.”

“ಬಾಯಿ ಬಿಡದೆ ನಿಂತವನ ಹೆಸರು ಹಿಡ್ಕೊಂಡು ಏನ್ ಮಾಡ್ತೀರಿ?”

“ಅವನು ಸುಮ್ನೆ ನಿಂತಿರ್ಲಿಲ್ಲ,” ಅಂದರು. “ಹತ್ತು ನಿಮಿಷ ಮಾತಾಡ್ದ. ನನಗೆ ಒಂದು ಮಾತೂ ಅರ್ಥವಾಗ್ಲಿಲ್ಲ.”

ಆಮೇಲೆ ಅವರು ನಿಂತಲ್ಲೇ ಎಲ್ಲ ಹೇಳಿದರು. ಅಲ್ಲಿಯವರೆಗೆ ಅವರು ಇಂಗ್ಲಿಷನ್ನು ಕೇಳಿದ್ದು ತಮ್ಮದೇ ಬಾಯಿಂದ, ತಮ್ಮಂತೆಯೇ ರಷ್ಯನ್ ಬಿಟ್ಟು ಬಂದ ಇನ್ನಿಬ್ಬರ ಬಾಯಿಂದ, ಅಷ್ಟೇ. ಯಾವೋರ್ ಆಡಿದ್ದು ಲಾರಿಯವರ ಇಂಗ್ಲಿಷು, ಉಸಿರು ಬಿಡದ್ದು, ಅರ್ಧ ನುಂಗಿದ್ದು. ಮೊದಲು, ಹುಡುಗ ಬಾಯಿಗೆ ಬಂದದ್ದು ಒದರಿ ತಮ್ಮನ್ನು ಆಟ ಆಡಿಸುತ್ತಿದ್ದಾನೆ ಅಂದುಕೊಂಡರು. ಪರೀಕ್ಷೆಗೆ ಜೊತೆಗೆ ಕೂತಿದ್ದದ್ದು ರಸಾಯನಶಾಸ್ತ್ರದ ಮೇಷ್ಟ್ರು. ಅವರಿಗೆ ಇಂಗ್ಲಿಷೇ ಬರದು, ಇವರ ಮುಖ ನೋಡಿಕೊಂಡು ತಲೆ ಆಡಿಸಲು ಕಾಯುತ್ತಿದ್ದರು. ಇವರಿಗೆ ತಲೆ ಆಡಿಸಲಾಗಲಿಲ್ಲ. ಗೊತ್ತಾಗಲಿಲ್ಲ ಎಂದು ತೋರಿಸಿಕೊಂಡರೆ ಕೆಲಸ ಹೋಗುತ್ತದೆ ಎಂಬ ಭಯ. ತಪ್ಪು ಉತ್ತರ ಎಂದು ಬರೆದರೆ ಯಾವುದು ತಪ್ಪು ಎಂದೂ ಬರೆಯಬೇಕಿತ್ತು. ಅದಕ್ಕೆ ‘ಉತ್ತರಿಸಲಿಲ್ಲ’ ಎಂದು ಬರೆದರು.

“ಅರ್ಧಕ್ಕೆ ಬಂದಾಗ್ಲೇ ಗೊತ್ತಾಗಿತ್ತು ನನಗೆ, ಸುಮ್ನೆ ಒದರೋನು ಹಾಗೆ ನಿಲ್ಲಲ್ಲ ಅಂತ. ನಗ್ತಾ ಇದ್ದ. ಆಮೇಲೂ ಬರೆದೆ.”

ನಾನು ಮೆಣಸಿನ ತಟ್ಟೆಯನ್ನು ಗೋಡೆಗೆ ಎಸೆದೆ. ಕೆಂಪು ನೀರು ಸುಣ್ಣದ ಗೋಡೆಯ ಮೇಲೆ ಇಳಿಯಿತು. ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನನ್ನ ತಾಯಿಯ ವಯಸ್ಸಿನ ಹೆಂಗಸಿಗೆ ಆಡುವ ಮಾತುಗಳಲ್ಲ. ಬಾಗಿಲು ತೆರೆದು ಮಗಳ ರಟ್ಟೆ ಹಿಡಿದು ಎಳೆದುಕೊಂಡು ಬಂದೆ. ಅವರು ತಡೆಯಲಿಲ್ಲ. ಹಿಂತಿರುಗಿ ನೋಡಿದಾಗ ಮೊಣಕಾಲೂರಿ ನೆಲ ಒರೆಸುತ್ತಿದ್ದರು.

ಪರೀಕ್ಷೆಗೆ ಹನ್ನೆರಡು ದಿನ ಉಳಿದಿತ್ತು.

ಆಮೇಲಿನ ನಾಲ್ಕು ದಿನ ಮನೆ ಹೇಗಿತ್ತೆಂದು ಹೇಳುವುದು ಕಷ್ಟ. ರಲಿತ್ಸಾ ಮತ್ತೆ ‘ಹೂಂ’, ‘ಊಹೂಂ’ಗೆ ಇಳಿದಳು, ಆಮೇಲೆ ಅದೂ ನಿಂತಿತು. ನಾನು ಒಂದೇ ಲೆಕ್ಕ ಹಾಕುತ್ತಿದ್ದೆ. ಆ ಹೆಂಗಸು ಬರೆದದ್ದು ಒಂದು ಪದ. ಅದನ್ನು ನಂಬಿ ಅವನ ಚೀಲ ಎಸೆದದ್ದು ಯಾರು? ಅವನು ನಿಜ ಹೇಳಿದ್ದ. ನಗುತ್ತ ಬಂದು ಮೊದಲು ನನಗೇ ಹೇಳಿದ್ದ. ಹಗಲಿನಲ್ಲೇ, ಊಟದ ಮೇಜಿನ ಆಚೆ ಬದಿಯ ಕುರ್ಚಿ ಸರಿದ ಸದ್ದಾಗುತ್ತಿತ್ತು. ಹುಡುಗಿಗೂ ಕೇಳಿಸುತ್ತಿತ್ತೋ ಏನೋ, ಇಬ್ಬರೂ ಒಟ್ಟಿಗೆ ಆ ಕಡೆ ನೋಡಿ ಒಟ್ಟಿಗೆ ತಲೆ ತಗ್ಗಿಸುತ್ತಿದ್ದೆವು. ಸ್ನೆಝಾಗೆ ಫೋನಿನಲ್ಲಿ ಎಲ್ಲ ಸರಿಯಾಗಿದೆ ಎಂದೆ.

ಐದನೇ ಬೆಳಗ್ಗೆ ನಾನು ಏಣಿಯನ್ನು ಗಾಡಿಗೆ ಕಟ್ಟುತ್ತಿದ್ದಾಗ ಅವಳು ಅಂಗಳಕ್ಕೆ ಬಂದು ನನಗೆ ಬೆನ್ನು ಹಾಕಿ ನಿಂತಳು. ಬೇಲಿಯನ್ನು ನೋಡುತ್ತ ಮಾತಾಡಿದಳು.

“ಅಪ್ಪ, ನನಗೆ ಆ ಬಾಗ್ಲಲ್ಲಿ ಮಾತ್ರ ಮಾತು ಬರುತ್ತೆ. ಇನ್ನೆಲ್ಲೂ ಬರಲ್ಲ. ನೀನು ಕಳಿಸ್ದೇ ಇದ್ರೆ ನಾನು ಪರೀಕ್ಷೇಲಿ ಸುಮ್ನೆ ನಿಲ್ತೀನಿ. ಆಗ ಅವರು ‘ಉತ್ತರಿಸಲಿಲ್ಲ’ ಅಂತ ಬರೆಯೋದು ನಿಜಾನೇ ಆಗಿರುತ್ತೆ.”

ನನಗೆ ಹೊಡೆಯುವಷ್ಟು ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ಅವಳ ಜೊತೆ ಹೊರಟೆ.

ಎವ್ದೋಕಿಯಾ ಅವರ ಗೋಡೆಯ ಮೇಲೆ ಕೆಂಪು ಕಲೆ ಹಾಗೇ ಇತ್ತು. ನಾನು ಕ್ಷಮೆ ಕೇಳಲಿಲ್ಲ, ಅವರೂ ಕೇಳಲಿಲ್ಲ. ಯಾವೋರ್ ಆ ದಿನ ಏನು ಹೇಳಿದ್ದ ಎಂದು ಕೇಳಿದೆ. ಅವರು ಕುಳಿತುಕೊಂಡರು. ಪರೀಕ್ಷೆಯ ಸಂಜೆಯೇ, ಮರೆತುಹೋಗುವ ಮೊದಲು, ಕೇಳಿದ ಸದ್ದುಗಳನ್ನೆಲ್ಲ ನಮ್ಮ ಅಕ್ಷರಗಳಲ್ಲಿ ಬರೆದಿಟ್ಟುಕೊಂಡರಂತೆ. ಅದು ಇಂಗ್ಲಿಷ್ ಅಲ್ಲ, ಬರೀ ಒದರಾಟ ಎಂದು ರುಜುವಾದರೆ ಸಾಕು ಎಂಬ ಆಸೆಯಿಂದ. ದಿನವೂ ಓದಿ ಓದಿ ಬಾಯಿಪಾಠವಾಯಿತು. ಅರ್ಥವಾಗಲಿಲ್ಲ. ದಿನವೂ ವಿದೇಶದ ರೇಡಿಯೋ ಹಾಕಿಕೊಂಡು ಕೂತರು.

“ಐದನೇ ವರ್ಷ. ಜಾಡಿ ತೊಳೀತಾ ನನ್ನಷ್ಟಕ್ಕೆ ನಾನು ಹೇಳ್ಕೋತಿದ್ದೆ. ಒಂದೇ ಸಲಕ್ಕೆ ಪೂರ್ತಿ ಅರ್ಥ ಆಯ್ತು. ನಲ್ಲಿ ತೆರೆದೇ ಬಿಟ್ಟು ನಿಮ್ಮನೆ ಗೇಟಿನ ತನಕ ಬಂದೆ. ನಿಮ್ಮಮ್ಮ ಅಂಗಳ ಗುಡಿಸ್ತಿದ್ರು. ತಲೆ ಎತ್ತಿ, ಏನ್ ಟೀಚರೇ ಅಂದ್ರು. ಏನಿಲ್ಲ ಅಂದು ವಾಪಸ್ ಬಂದೆ.”

ಆಮೇಲೆ ಅವರು ಕಣ್ಣು ಮುಚ್ಚಿ ಶುರುಮಾಡಿದರು. ಆ ದನಿ ಅವರದಾಗಿರಲಿಲ್ಲ. ಸಣ್ಣ ದೇಹದ ಮುದುಕಿಯ ಬಾಯಿಂದ ಲಾರಿಯವರ ಇಂಗ್ಲಿಷು, ನಡುನಡುವೆ ಮೂಗಿನಿಂದ ಒಂದು ಸಣ್ಣ ನಗು, ಮಾತು ಮುಗಿಯುವಲ್ಲಿ ಮೇಲಕ್ಕೆ ಎಳೆಯುವ ರಾಗ. ಆ ರಾಗ ನನಗೆ ಗೊತ್ತಿತ್ತು. ಯಾವೋರ್ ನಮ್ಮ ಮಾತನ್ನೂ ಹಾಗೆಯೇ ಎಳೆಯುತ್ತಿದ್ದ. ಒಂದೇ ಒಂದು ಪದ ತಿಳಿಯದೆ, ನಾನು ನನ್ನ ತಮ್ಮ ಮಾತಾಡುವುದನ್ನು ಕೇಳುತ್ತ ಕೂತಿದ್ದೆ.

ಮುಗಿದ ಮೇಲೆ ರಲಿತ್ಸಾಳನ್ನು ನೋಡಿದೆ. ಅವಳು ಎದ್ದು ಪಡಸಾಲೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಮರದ ಹಲಗೆಯ ಆಚೆಯಿಂದ, ನಮ್ಮ ಭಾಷೆಯಲ್ಲಿ, ತಡೆದು ತಡೆದು ಹೇಳತೊಡಗಿದಳು. ಅವನಿಗೆ ಬಂದಿದ್ದ ಪ್ರಶ್ನೆ ‘ನನ್ನ ಮನೆ’ ಎಂಬುದಂತೆ.

“ನಮ್ಮ ಮನೆ ಚಿಕ್ಕದು. ಅಪ್ಪ, ಅಣ್ಣ ಊರಿನ ಮಾಡೆಲ್ಲ ರಿಪೇರಿ ಮಾಡ್ತಾರೆ. ನಮ್ಮದು ಸೋರುತ್ತೆ. ಸೋರೋ ಕಡೆ ಅಮ್ಮ ಪಾತ್ರೆ ಇಡ್ತಾಳೆ, ಯಾವ ಪಾತ್ರೆ ಯಾವ ಸದ್ದು ಮಾಡುತ್ತೆ ಅಂತ ನನಗೆ ಗೊತ್ತು. ನನ್ನಣ್ಣ ಕೂಗಾಡ್ತಾನೆ. ಊರೆಲ್ಲ ಅವನಿಗೆ ಹೆದರುತ್ತೆ. ಆದ್ರೆ ಅವನು ಕೂಗಾಡೋದು ಹೆದ್ರಿಕೆಗೆ. ಅವನಿಗೆ ಎತ್ತರ ಅಂದ್ರೆ ಭಯ. ಇದು ನನಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ಅವನು ಮಾಡು ಹತ್ತಿದಾಗ ಸೊಂಟದ ಹಗ್ಗ ನಾನು ಹಿಡ್ಕೊಂಡಿರ್ತೀನಿ. ಡ್ರೈವರುಗಳು ನಮ್ ಜೊತೆ ಬಾ, ದೊಡ್ಡ ಊರು ತೋರಿಸ್ತೀವಿ ಅಂತಾರೆ. ನಾನು ಹೋಗಲ್ಲ. ಹೋದ್ರೆ ಹಗ್ಗ ಯಾರ್ ಹಿಡೀತಾರೆ?”

ಬಾಗಿಲ ಆಚೆ ಸದ್ದು ನಿಂತಿತು. ಎವ್ದೋಕಿಯಾ ಮೇಜಿನ ಮೇಲೆ ಎರಡೂ ಅಂಗೈ ಚಪ್ಪಟೆಯಾಗಿ ಇಟ್ಟುಕೊಂಡು ನನ್ನನ್ನು ನೋಡುತ್ತಿದ್ದರು. ಇಪ್ಪತ್ತಾರು ವರ್ಷ ಹಗ್ಗವಿಲ್ಲದೆ ಹತ್ತಿದ್ದೇನೆ. ಏಣಿಯ ಮೊದಲ ಮೆಟ್ಟಿಲಿಗೇ ನನ್ನ ಮೊಣಕಾಲು ನಡುಗುತ್ತದೆ ಎಂದು ಹೆಂಡತಿಗೂ ಹೇಳಿಲ್ಲ. ಈ ಹೆಂಗಸಿಗೆ ಇಪ್ಪತ್ತೊಂದು ವರ್ಷದಿಂದ ಗೊತ್ತಿತ್ತು. ಬೀದಿಯ ಒಂದೊಂದು ಮಾಡಿನ ಮೇಲೂ ನಾನು ತೆವಳುವುದನ್ನು ತಮ್ಮ ಕಿಟಕಿಯಿಂದ ನೋಡಿಕೊಂಡೇ ಬಂದಿದ್ದರು.

“ಪಾಠ ಮುಂದುವರೀಲಿ,” ಎಂದೆ.

ಮರುದಿನ ಎವ್ದೋಕಿಯಾ ಒಳ್ಳೆಯ ಬಟ್ಟೆ ಹಾಕಿಕೊಂಡು ಶಾಲೆಗೆ ಹೋದರಂತೆ. ನಾನು ಹೋಗೆಂದಿರಲಿಲ್ಲ. ಹೆಡ್‌ಮಿಸ್ಟ್ರೆಸ್ ಮುಂದೆ ಕೂತು, ತೊಂಬತ್ತಮೂರರ ಸೆಪ್ಟೆಂಬರಿನ ಹಾಳೆಯಲ್ಲಿ ಸುಳ್ಳು ಬರೆದಿದ್ದೇನೆ, ತಿದ್ದಬೇಕು ಎಂದರಂತೆ. ಆಕೆ ಕಾಫಿ ತರಿಸಿ, ಆ ಕಾಲದ ಕಾಗದಗಳೆಲ್ಲ ಎಲ್ಲಿವೆಯೋ ಯಾರಿಗೆ ಗೊತ್ತು, ಅದೆಲ್ಲ ಹಳೇ ಕಥೆ ಬಿಡಿ, ಈ ಬಿಸಿಲಲ್ಲಿ ಹೊರಗೆ ಬರಬೇಡಿ ಎಂದು ಗೇಟಿನವರೆಗೆ ಬಿಟ್ಟು ಹೋದಳಂತೆ. ಇದನ್ನು ನನಗೆ ಹೇಳಿದ್ದು ಗೇನಾ ಅಜ್ಜಿ. ಅವಳಿಗೆ ಯಾರು ಹೇಳಿದರೋ. ಅವನ ‘ಎರಡು’ ಎಲ್ಲೋ ಒಂದು ಗೋಣಿಯಲ್ಲಿ ಹಾಗೇ ಇದೆ.

ಸೆಪ್ಟೆಂಬರ್ ಮೂರರ ಮಂಗಳವಾರ ಬರವಣಿಗೆಯ ಪರೀಕ್ಷೆ ಮುಗಿಯಿತು. ಬುಧವಾರ ಮಾತಿನದು. ಕಾರಿಡಾರಿನಲ್ಲಿ ಹೊಸ ಬಣ್ಣದ ವಾಸನೆ. ತಂದೆತಾಯಿಯರು ಹೊರಗೆ ಇರಬೇಕು ಅಂದರು. ನಾನು ಹೋಗಲಿಲ್ಲ, ಯಾರೂ ಎರಡನೇ ಸಲ ಹೇಳಲಿಲ್ಲ. ರಲಿತ್ಸಾ ಒಳಗೆ ಹೋದಳು. ಬಾಗಿಲು ಮುಚ್ಚಿತು. ತುಂಬಾ ಹೊತ್ತು ಏನೂ ಕೇಳಲಿಲ್ಲ. ಆ ಮೌನದಲ್ಲಿ ನನ್ನ ಪಕ್ಕದ ಬೆಂಚಿನ ಹಲಗೆ ಸ್ವಲ್ಪ ಕುಸಿಯಿತು, ಯಾರೋ ಬಂದು ಕೂತಂತೆ. ನಾನು ಆ ಕಡೆ ತಿರುಗಲಿಲ್ಲ. ತಿರುಗಿದರೆ ಎದ್ದು ಹೋಗುತ್ತಾನೆ ಅನಿಸಿತು.

ಆಮೇಲೆ ಒಳಗೆ ಕುರ್ಚಿ ಎಳೆದ ಸದ್ದು. ಹುಡುಗಿ ಏನೋ ಕೇಳಿದಳು. ಪರೀಕ್ಷಕರಲ್ಲಿ ಚಿಕ್ಕವಳು ಒಪ್ಪಲಿಲ್ಲ, ಹಿರಿಯವಳು ಒಪ್ಪಿದಳು. ಗೋಡೆಗೆ ಮುಖ ಮಾಡಿ ನಿಲ್ಲಬಹುದಾ ಎಂದು ಕೇಳಿದ್ದಳೆಂದು ಆಮೇಲೆ ತಿಳಿಯಿತು. ಆಮೇಲೆ ಅವಳ ದನಿ. ಮೊದಲು ತೆಳ್ಳಗೆ, ಆಮೇಲೆ ಗಟ್ಟಿಯಾಗಿ. ಏನು ಹೇಳುತ್ತಿದ್ದಾಳೋ ನನಗೆ ತಿಳಿಯಲಿಲ್ಲ. ನಾನು ಅದರ ಉದ್ದವನ್ನಷ್ಟೇ ಕೇಳುತ್ತಿದ್ದೆ. ನಡುವೆ ಒಮ್ಮೆ ನಿಂತಿತು. ಒಳಗೆ ಬೇರೆ ಯಾರೋ ಏನೋ ಅಂದರು. ಮತ್ತೆ ಅವಳ ದನಿ ಶುರುವಾಯಿತು.

ಮಧ್ಯಾಹ್ನ ಪಟ್ಟಿ ಅಂಟಿಸಿದರು. ನಾಲ್ಕು.

ಶಾಲೆಯಿಂದ ನೇರವಾಗಿ ಇಬ್ಬರೂ ಪಾಪ್ಲರ್ ಬೀದಿಗೆ ನಡೆದೆವು. ಎವ್ದೋಕಿಯಾ ಅಡುಗೆಮನೆಯಲ್ಲಿರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು, ಬೆಳಗ್ಗೆಯಿಂದ ಕೂತಂತೆ ಕಾಣುತ್ತಿತ್ತು. ನಾನು ನಾಲ್ಕು ಬಂತು ಎಂದೆ. ಅವರು ಅದಕ್ಕೆ ತಲೆ ಆಡಿಸಲೂ ಇಲ್ಲ. ನನ್ನನ್ನು ದಾಟಿ ಹುಡುಗಿಯನ್ನು ನೋಡಿದರು.

“ನೀನು ಹೇಳಿದ್ದು ಅವರಿಗೆ ಅರ್ಥ ಆಯ್ತಾ?”

“ಆಯ್ತು ಟೀಚರ್.”

“ಪೂರ್ತಿ?”

ರಲಿತ್ಸಾ ಅವರ ಮುಖವನ್ನೇ ನೋಡುತ್ತ ಹೇಳಿದಳು. “ಒಂದ್ ಕಡೆ ಆಗ್ಲಿಲ್ಲ. ಅರ್ಥ ಆಗ್ಲಿಲ್ಲ, ಇನ್ನೊಂದ್ಸಲ ಹೇಳಮ್ಮ ಅಂದ್ರು. ಹೇಳ್ದೆ.”

“ಹಾಗಂತ ಕೇಳಿದ್ರಾ,” ಅಂದರು ಎವ್ದೋಕಿಯಾ. ಮಡಿಲಲ್ಲಿದ್ದ ಕೈಗಳನ್ನು ನೋಡಿಕೊಂಡರು. “ಕೇಳಿದ್ರಾ,” ಎಂದು ಮತ್ತೆ ಅಂದರು, ಈ ಸಲ ನಮ್ಮಿಬ್ಬರಲ್ಲಿ ಯಾರಿಗೂ ಅಲ್ಲ.